ಹಳೆ ಸೀರೆಯ ಹುಚ್ಚು ಹತ್ತಿದವರಿಗೆ

ಈ ಹುಚ್ಚು ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಸೀರೆ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ಬೇಸರ ಬರುವವರೂ ಯಾರದೋ ಮನೆಯ ಟ್ರಂಕು ತೆರೆದರೆ ಊಟ ಮರೆತು ಕೂರುತ್ತಾರೆ. ಅಲ್ಲಿರುವ ಬಣ್ಣ, ಅಲ್ಲಿರುವ ದಡಿ ಬೇರೆಲ್ಲೂ ಸಿಗುವುದಿಲ್ಲ ಅಂತ ಕೈಗೆ ಗೊತ್ತಾಗಿಬಿಡುತ್ತದೆ. ಹುಚ್ಚು ಬಿಡಿ ಅಂತ ನಾನು ಹೇಳುವುದಿಲ್ಲ. ಕೂಡಿಡಿ, ಆದರೆ ಉಡುವಂಥದ್ದನ್ನೇ ಕೂಡಿಡಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಳೆ ಸೀರೆ ಅಂದರೆ ಹೆಚ್ಚಾಗಿ ಇಳಕಲ್ಲೇ, ಹಾಗಾಗಿ ಅದರ ಮಾತೇ ಜಾಸ್ತಿ ಬರುತ್ತದೆ.

ಎಲ್ಲಿ ಹುಡುಕಬೇಕು? ಫೋನಿನಲ್ಲಂತೂ ಅಲ್ಲ. ವಿಂಟೇಜ್ ಅಂತ ಹೆಸರು ಹಚ್ಚಿ ಮಾರುವ ಎಷ್ಟೋ ಸೀರೆಗಳು ಮೊನ್ನೆ ಮಗ್ಗದಿಂದ ಇಳಿದವು. ನಿಮ್ಮ ಬಳಗದಿಂದಲೇ ಶುರು ಮಾಡಿ. ಹಳೆ ಬಟ್ಟೆ ಮನೆಯಿಂದ ಹೋಗುವ ದಾರಿ ಮೂರು: ಸ್ಟೀಲ್ ಪಾತ್ರೆ ಕೊಟ್ಟು ಬಟ್ಟೆ ಒಯ್ಯುವವರು, ಓಣಿಯಲ್ಲಿ ಕೂಗುತ್ತ ಬರುವ ಜರಿ ಸೀರೆ ಕೊಳ್ಳುವವರು, ಮತ್ತೆ ಕೌದಿ. ಒಂದು ಬೋಗುಣಿಗೆ ಮದುವೆ ಸೀರೆ ಹೋಗಿರುವ ಮನೆಗಳು ಬೇಕಾದಷ್ಟಿವೆ. ಅದಕ್ಕೇ ಮಹಾನವಮಿಗೆ ಮನೆ ತೊಳೆದು, ಹಾಸಿಗೆ ಹೊದಿಕೆ ಒಗೆದು, ಟ್ರಂಕು ಖಾಲಿ ಮಾಡುವ ಹೊತ್ತಿಗೆ ನೀವು ಅಲ್ಲಿರಬೇಕು. ಸುಮ್ನೆ ಕೈಬೀಸಿಕೊಂಡು ಹೋಗಬೇಡಿ, ಕೆಲಸಕ್ಕೆ ಕೈ ಹಚ್ಚಿ.

ಸೀರೆ ಕೊಡಿ ಅಂತ ಬಾಯಿಬಿಟ್ಟು ಕೇಳಬೇಡಿ. "ಅಮ್ಮಾ, ನಿಮ್ಮ ಮದಿವಿ ಸೀರಿ ಇನ್ನಾ ಐತೇನ್ರೀ?" ಅಂತ ಕೇಳಿ ಸಾಕು. ಸೀರೆ ಹೊರಗೆ ಬರುತ್ತದೆ, ಅದರ ಜೊತೆ ಯಾರು ತಂದರು, ಯಾವ ಸಂತೆಯಿಂದ ತಂದರು, ಯಾರ ಮದುವೆಗೆ ಉಟ್ಟರು ಎಲ್ಲ ಬರುತ್ತದೆ. ಅದನ್ನು ಬರೆದು ಚೀಟಿ ಮಾಡಿ ಸೀರೆಯ ಜೊತೆ ಇಡಿ. ಕೊಡಲು ಮನಸ್ಸಿಲ್ಲ ಅಂದರೆ ಫೋಟೋ ತೆಗೆದುಕೊಂಡು ಎದ್ದು ಬನ್ನಿ, ಒತ್ತಾಯ ಮಾಡಬೇಡಿ.

ಟ್ರಂಕಿನ ತಳವನ್ನು ಮರೆಯಬೇಡಿ. ಉಡಿ ತುಂಬುವಾಗ ಬಂದ ಕುಬಸದ ಖಣಗಳು ಹೊಲಿಸದೇ ಹಾಗೇ ಅಲ್ಲಿ ಬಿದ್ದಿರುತ್ತವೆ. ಗುಳೇದಗುಡ್ಡದ ಹಳೆ ಖಣ ಸಿಕ್ಕರೆ ಬಿಡಲೇಬೇಡಿ. ಒಮ್ಮೆಯೂ ಒಗೆಯದ, ಬೆವರು ತಾಗದ ಹಳೆ ಬಟ್ಟೆ ಇಷ್ಟು ಸುಲಭಕ್ಕೆ ಬೇರೆಲ್ಲಿ ಸಿಗುತ್ತದೆ?

ಈಗ ಗುರುತಿಸುವುದು. ಇಳಕಲ್ ಸೀರೆ ಕೈಗೆ ಬಂದರೆ ಮೊದಲು ಸೆರಗು ನೋಡಿ. ಕೆಂಪು ರೇಷ್ಮೆಯ ಮೇಲೆ ಬಿಳಿ ವಿನ್ಯಾಸ ಇರುವ ತೋಪು ತೆನಿ ಸೆರಗು ಅದರ ಗುರುತು. ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ನೇಯುವ ಮೊದಲು ಎರಡರ ಎಳೆಗಳನ್ನೂ ಕುಣಿಕೆಯಂತೆ ಒಂದರೊಳಗೊಂದು ಸಿಕ್ಕಿಸುತ್ತಾರೆ, ಅದಕ್ಕೆ ಕೊಂಡಿ ಅನ್ನುತ್ತಾರೆ. ಹಳೆ ಸೀರೆಯಲ್ಲಿ ಆ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಪಿಸಿದಿದ್ದರೆ ಸೆರಗು ಹೆಗಲ ಮೇಲೆ ಒಂದು ದಿನವೂ ನಿಲ್ಲುವುದಿಲ್ಲ. ಸೆರಗು ಹೊಳೆಯುತ್ತಿದೆ ಅಂತ ಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಆಮೇಲೆ ಅಳತೆ. ಹದಿನೆಂಟು ಮೊಳ, ಅಂದರೆ 9 ಗಜ ಇದ್ದರೆ ಕಚ್ಚೆ ಹಾಕಿ ಉಡುತ್ತಿದ್ದ ಸೀರೆ. ಈಗಿನದು 6 ಗಜದ ಆಸುಪಾಸು. ಉದ್ದ ಜಾಸ್ತಿ ಆಯಿತು ಅಂತ ಕತ್ತರಿ ಹಾಕಬೇಡಿ ಮಾರಾಯ್ರೇ. ಇನ್ನೊಂದು ಸುತ್ತು ಸುತ್ತಿಕೊಳ್ಳಿ, ಇಲ್ಲವೇ ಕಚ್ಚೆ ಹಾಕುವುದನ್ನೇ ಕಲಿಯಿರಿ. ಕಲಿಸುವವರು ಇನ್ನೂ ಮನೆಯಲ್ಲಿದ್ದಾರೆ ಅಲ್ವಾ?

ನೂಲು ಯಾವುದು ಅಂತ ತಿಳಿಯಬೇಕಾದರೆ ಒಳಗಿನ ಅಂಚಿನಿಂದ ಒಂದು ಎಳೆ, ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೇರೆ ಬೇರೆ ಸುಡಿ. ಹತ್ತಿ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಸೆರಗಿನ ಎಳೆ ಚೆನ್ನಾಗಿ ಹೊಳೆಯುತ್ತದೆ, ಆದರೆ ಕಾಗದದ ವಾಸನೆ ಬರುತ್ತದೆ ಅಂದರೆ ಅದು ಚಮಕಾ, ಅಂದರೆ ಆರ್ಟ್ ಸಿಲ್ಕ್, ಕೃತಕ ರೇಷ್ಮೆ. ಚಮಕಾ ಕೆಟ್ಟದ್ದೇನಲ್ಲ, ರೇಷ್ಮೆಯ ದುಡ್ಡು ಕೊಡಬೇಡಿ ಅಷ್ಟೇ. ಜರಿ ಇದ್ದರೆ ಸವೆದ ಜಾಗ ನೋಡಿ: ಒಳಗಿನ ದಾರದ ಬಣ್ಣವಲ್ಲ, ಲೋಹವೇ ಬಿಳಿ ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. ಇಷ್ಟಾದ ಮೇಲೂ ಅನುಮಾನ ಇದ್ದರೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನೇಕಾರರಿದ್ದಾರೆ, ವಯಸ್ಸಾದವರಿಗೆ ತೋರಿಸಿ.

ಸಂಡೂರು ಕಡೆಯವರಿಗೆ ಲಂಬಾಣಿ ಕಸೂತಿಯ ಹಳೆ ಬಟ್ಟೆ ಸಿಗಬಹುದು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಳೆ ಕಾಂಚಳಿಯ, ಅಂದರೆ ಲಂಬಾಣಿ ಹೆಂಗಸರ ಕುಬಸದ ಮೇಲೆ ಕನ್ನಡಿ, ಕವಡೆ ಜೊತೆ ನಾಣ್ಯ ಹೊಲಿದಿದ್ದರೆ ಇಸವಿ ಓದಿ. ನಯೇ ಪೈಸೆ ಅಂತ ಇದ್ದರೆ ಅದು 1957ರಿಂದ ಈಚಿನದು, ಆ ವರ್ಷವೇ ದಶಮಾಂಶ ನಾಣ್ಯ ಬಂದದ್ದು. ಆದರೆ ಹಳೆ ನಾಣ್ಯವನ್ನು ಹೊಸ ಬಟ್ಟೆಗೂ ಹೊಲಿಯಬಹುದು, ನಾಣ್ಯ ನೋಡಿ ಕುಣಿಯಬೇಡಿ, ಹೊಲಿದ ದಾರವೂ ಹಳೆಯದೇ ಅಂತ ನೋಡಿ. ಇಂಥ ಬಟ್ಟೆ ತಾಂಡಾದ ಮನೆಯಿಂದ ಕೊಳ್ಳುವಾಗ ಚೌಕಾಸಿ ಬೇಡ. ಅದು ಒಬ್ಬ ಹೆಣ್ಣುಮಗಳ ಎಷ್ಟೋ ತಿಂಗಳ ಕೈಕೆಲಸ.

ಒಗೆಯುವ ಮೊದಲು ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪು ಸೆರಗಿನ ಮೂಲೆಗೆ ಒತ್ತಿ. ಬಣ್ಣ ಹತ್ತಿದರೆ ನೀರಿಗೆ ಹಾಕಲೇಬೇಡಿ, ಒಡಲೆಲ್ಲ ಕೆಂಪಾಗುತ್ತದೆ. ಬಣ್ಣ ಬಿಡದಿದ್ದರೆ ತಣ್ಣೀರು, ಅಂಟವಾಳ ಕಾಯಿ, ನೆರಳು. ನಮ್ಮ ಬಿಸಿಲಿನಲ್ಲಿ ಒಣಹಾಕಿದರೆ ಬಣ್ಣ ಹೋಗುತ್ತದೆ, ರೇಷ್ಮೆ ಗರಿಗರಿಯಾಗಿ ಹರಿಯುತ್ತದೆ. ಪ್ರತಿ ಸಲ ಉಟ್ಟಾಗ ಒಗೆಯುವ ಅಗತ್ಯವೂ ಇಲ್ಲ, ನೆರಳಿನಲ್ಲಿ ಗಾಳಿಗೆ ಹಾಕಿದರೆ ಸಾಕು. ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೆ ಧೋತರದಲ್ಲಿ ಸುತ್ತಿ. ಆಗಾಗ ಬಿಚ್ಚಿ ಮಡಿಕೆ ಬದಲಿಸಿ. ರೇಷ್ಮೆ ಹರಿಯುವುದು ಹೆಚ್ಚಾಗಿ ಒಂದೇ ಮಡಿಕೆಯ ಗೆರೆಯಲ್ಲಿ.

ಉಡುವಾಗ ಫಾಲ್ ಹತ್ತಿಯದ್ದಿರಲಿ, ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ, ಕೈಯಲ್ಲೇ ಸಡಿಲ ಹೊಲಿಗೆ ಹಾಕಿಸಿ. ಸೆರಗಿಗೆ ಪಿನ್ ಚುಚ್ಚುವುದಾದರೆ ಹಿಂದೆ ಒಂದು ಬಟ್ಟೆ ತುಂಡು ಇಡಿ. ತುಕ್ಕು ಹಿಡಿದ ಪಿನ್ ಮುಟ್ಟಬೇಡಿ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ರೇಷ್ಮೆ ಸೆರಗು ಬೇಡವೇ ಬೇಡ, ಬೆವರಿಗೆ ಅದು ಬೇಗ ಹಾಳಾಗುತ್ತದೆ. ಆರತಕ್ಷತೆ ಸಂಜೆಗೆ ಉಡಿ. ಸಣ್ಣ ತೂತು ಬಿದ್ದರೆ ರಫು ಮಾಡುವವರ ಹತ್ತಿರ ಒಯ್ಯಿರಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮಷಿನ್‌ಗಳಿಗೇನೂ ಬರವಿಲ್ಲ, ಆದರೆ ಆ ದಪ್ಪ ಸೂಜಿ ಹಳೆ ರೇಷ್ಮೆಗೆ ತಾಗಬಾರದು. ಒಡಲು ಪೂರ್ತಿ ಪಿಸಿದು ಸೆರಗು ಮಾತ್ರ ಗಟ್ಟಿ ಇದ್ದರೆ ಸೆರಗಿಗೆ ಅಸ್ತರು ಕೊಟ್ಟು ದುಪಟ್ಟಾ ಮಾಡಿಸಿ, ದಡಿಯನ್ನು ಕುಬಸದ ತೋಳಿಗೆ ಹಚ್ಚಿಸಿ, ಉಳಿದದ್ದನ್ನು ಕೌದಿ ಹೊಲಿಯುವವರಿಗೆ ಕೊಡಿ.