ತೊದಲೋ ಮಗೂನ ಬೇರೆ ಮಕ್ಳು ಅಣಕಿಸ್ತಿದ್ರೆ ಏನ್ ಮಾಡ್ಬೇಕು

ನನ್ ಮಗ ಮೂರನೇ ಕ್ಲಾಸಲ್ಲಿದ್ದಾಗ ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತಿದ್ದ. ಓಂಕಾಳು ಕಷಾಯ ಕುಡಿಸಿ ಕುಡಿಸಿ ಸಾಕಾಯ್ತು, ಕೊನೆಗೆ ಗೊತ್ತಾಗಿದ್ದೇನಂದ್ರೆ ನೋವು ಹೊಟ್ಟೇದಲ್ಲ, ಹಾಜರಿ ಕೂಗುವಾಗ 'ಪ್ರೆಸೆಂಟ್' ಅನ್ನೋಕೆ ಹೋದ್ರೆ ಆ 'ಪ' ಹತ್ರಾನೇ ಸಿಕ್ಕಿಹಾಕ್ಕೊಳ್ತಿದ್ದ, ಹಿಂದಿನ ಬೆಂಚವ್ರು 'ಪ ಪ ಪ' ಅಂತ ನಗ್ತಿದ್ರು. ಮುಂಬೈ ಹತ್ರದ ಡೊಂಬಿವಲಿಯ ನಮ್ ಬಿಲ್ಡಿಂಗ್ ಕಂಪೌಂಡಲ್ಲೂ 'ಹಕ್ಲಾ' (ಹಿಂದೀಲಿ ತೊದಲೋನು) ಅಂತಾನೇ ಹೆಸರು ಬಿದ್ದುಬಿಟ್ಟಿತ್ತು.

ಮಕ್ಳು ಇದನ್ನ ತಾವಾಗಿ ಹೇಳಲ್ಲ. ಫೋನ್ ಎತ್ತಲ್ಲ, ಅಂಗಡಿಗೆ ತಂಗೀನ ಕಳಿಸ್ತಾರೆ, ಕಷ್ಟದ ಪದ ಬಿಟ್ಟು ಬೇರೆ ಪದ ಹಾಕ್ತಾರೆ. ಇವ್ನಿಗೆ ವಡಾಪಾವ್ ಅಂದ್ರೆ ಪ್ರಾಣ, ಆದ್ರೆ ದುಡ್ಡು ಕೊಟ್ಟು ಕಳಿಸಿದ್ರೆ ಸಮೋಸಾ ತರ್ತಿದ್ದ, 'ವ' ಬರ್ತಿರ್ಲಿಲ್ಲ ಅಂತ ಆಮೇಲೆ ತಿಳೀತು. ಇಂಥದ್ದು ಕಂಡ್ರೆ 'ಯಾಕೆ ಹೇಳ್ಲಿಲ್ಲ' ಅಂತ ಜೋರು ಮಾಡ್ಬೇಡಿ, ರಿಸೆಸಲ್ಲಿ ಯಾರ ಜೊತೆ ಡಬ್ಬಿ ತಿಂತೀಯಾ, ವ್ಯಾನಲ್ಲಿ ಪಕ್ಕದಲ್ಲಿ ಯಾರು ಕೂರ್ತಾರೆ ಅಂತ ಶುರು ಮಾಡಿ, ಉಳಿದದ್ದು ನಿಧಾನಕ್ಕೆ ಬರುತ್ತೆ. ಸಿಟ್ಟಲ್ಲಿ ಅಣಕಿಸೋ ಹುಡುಗನ ಮನೆ ಬೆಲ್ ಒತ್ತೋಕೂ ಹೋಗ್ಬೇಡಿ, ಮರುದಿನ ಇನ್ನೂ ಜಾಸ್ತಿ ಅನುಭವಿಸೋದು ನಮ್ ಮಗುನೇ.

ತೊದಲು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತೆ, ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಬರುತ್ತೆ, ಹೆಚ್ಚಿನವ್ರಿಗೆ ಹೋಗೂ ಬಿಡುತ್ತೆ, ಉಳಿಯೋದು ಗಂಡುಮಕ್ಕಳಲ್ಲೇ ಜಾಸ್ತಿ. ಮಾತಿಗೆ ಬೇಕಾದ ಚಲನೆಗಳನ್ನ ಮೆದುಳು ಹೊಂದಿಸೋ ರೀತಿಲಿರೋ ವ್ಯತ್ಯಾಸ ಇದು, ಮನೆತನದಲ್ಲೂ ಬರುತ್ತೆ. ಹೆದರಿಸಿದ್ದಕ್ಕೆ ಬರೋದಲ್ಲ, ಎರಡ್ಮೂರು ಭಾಷೆ ಕಲಿಸಿದ್ದಕ್ಕೂ ಅಲ್ಲ. ಊರಿಂದ ಅತ್ತೆ ಬಜೆ ತೇದು ನಾಲಿಗೆಗೆ ಹಚ್ಚು ಅಂದ್ರು, ಇನ್ಯಾರೋ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಮಾತಾಡ್ಸು ಅಂದ್ರು. ಆ ಎರಡನೇದನ್ನ ನಾವು ಆರು ತಿಂಗಳು ಮಾಡಿದ್ವಿ, ತೊದಲು ಹಾಗೇ ಇತ್ತು, ಅಜ್ಜಿ ಜೊತೆ ಮಾತು ಮಾತ್ರ ನಿಂತೋಯ್ತು. ದಯವಿಟ್ಟು ಹಾಗೆ ಮಾಡ್ಬೇಡಿ.

ಮನೇಲಿ 'ನಿಧಾನ ಮಾತಾಡು', 'ಉಸಿರು ತಗೊಂಡು ಹೇಳು' ಅನ್ನೋದು ನಿಲ್ಲಿಸಿ, ಪದಾನ ನೀವೇ ಮುಗಿಸ್ಬೇಡಿ. ಮುಖ ನೋಡಿ, ಕಾಯಿರಿ, ನೀವೇ ಸ್ವಲ್ಪ ನಿಂತು ನಿಂತು ಮಾತಾಡಿ. ತೊದಲು ಅನ್ನೋ ಪದಾನ ಮನೇಲಿ ಬಾಯಿಬಿಟ್ಟು ಆಡಿ, ಮುಚ್ಚಿಟ್ಟಷ್ಟೂ ಅದು ನಾಚಿಕೆ ವಿಷ್ಯ ಆಗುತ್ತೆ. ಹೃತಿಕ್ ರೋಷನ್ ತಾನೂ ಚಿಕ್ಕಂದಿಂದ ತೊದಲ್ತಿದ್ದೆ ಅಂತ ಬಹಿರಂಗವಾಗೇ ಹೇಳಿದ್ದಾನೆ ಅಂದಾಗ ನನ್ ಮಗ ನಾಲ್ಕು ಸಲ 'ನಿಜಾನಾ' ಅಂತ ಕೇಳಿದ್ದ.

ಅಣಕಿಸಿದವ್ರಿಗೆ ಏನ್ ಹೇಳ್ಬೇಕು ಅನ್ನೋದನ್ನ ಮನೇಲೇ ಆಟದ ಥರ ಪ್ರಾಕ್ಟೀಸ್ ಮಾಡಿ. ಸುಮ್ನೆ ಇರು, ಅವ್ರೇ ಸುಮ್ನಾಗ್ತಾರೆ ಅಂತ ನಾನೂ ಹೇಳಿ ನೋಡಿದ್ದೆ, ಯಾರೂ ಸುಮ್ನಾಗ್ಲಿಲ್ಲ. ನಾನು ಅಣಕಿಸೋ ಹುಡುಗ ಆಗ್ತಿದ್ದೆ, ಅವ್ನು ಮರಾಠೀಲಿ 'ಹೋ, ಮೀ ಅಡಖಳತೋ, ಮಗ್ ಕಾಯ್?' ಅಂತಿದ್ದ. ಹೌದು ತೊದಲ್ತೀನಿ, ಏನೀಗ, ಅಷ್ಟೇ. ಹೇಳುವಾಗ ತೊದಲಿದ್ರೂ ಪರ್ವಾಗಿಲ್ಲ, ತಲೆ ತಗ್ಗಿಸದೆ ಹೇಳ್ಬೇಕು. ಹೊಡೆಯೋದು, ಬ್ಯಾಗ್ ಕಿತ್ಕೊಳ್ಳೋದು ಇದ್ರೆ ಮಾತ್ರ ಮಾತಿಗೆ ನಿಲ್ಲದೆ ತಕ್ಷಣ ದೊಡ್ಡವ್ರ ಹತ್ರ ಹೋಗು ಅಂತ ಬೇರೇನೇ ಹೇಳ್ಕೊಡಿ.

ಶಾಲೆಗೆ ಬಾಯಲ್ಲಿ ಹೇಳಿ ಬಂದ್ರೆ ಸಾಲಲ್ಲ. ಯಾವತ್ತು, ಎಲ್ಲಿ, ಯಾರು ಏನಂದ್ರು, ಯಾರು ನೋಡಿದ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀತಾ ಬನ್ನಿ, ಅದನ್ನೇ ಪತ್ರ ಮಾಡಿ ಕ್ಲಾಸ್ ಟೀಚರ್‌ಗೆ ಕೊಟ್ಟು ಒಂದು ಕಾಪಿಗೆ ಸಹಿ ತಗೊಳ್ಳಿ. ಏನ್ ಬದಲಾಗ್ಬೇಕು ಅಂತ ಸ್ಪಷ್ಟವಾಗಿ ಕೇಳಿ. ಹಾಜರಿಗೆ ಕೈ ಎತ್ತಿದ್ರೆ ಸಾಕು ಅಂತ ಇಡೀ ಕ್ಲಾಸಿಗೇ ಮಾಡ್ಬಹುದು, ಪಾಠ ಓದಿಸುವಾಗ ಇಬ್ಬಿಬ್ಬರು ಒಟ್ಟಿಗೆ ಓದ್ಲಿ, ಯಾಕಂದ್ರೆ ಜೊತೆಗೆ ಓದುವಾಗ, ಹಾಡುವಾಗ ತೊದಲು ತುಂಬಾ ಕಡಿಮೆಯಾಗುತ್ತೆ. ಓರಲ್ ಪರೀಕ್ಷೆಗೆ ಟೈಮ್ ಜಾಸ್ತಿ ಕೇಳಿ. ಆದ್ರೆ ಇವ್ನನ್ನ ಏನೂ ಕೇಳ್ಲೇಬೇಡಿ ಅಂತ ನೀವಾಗೇ ಹೇಳಿ ಬರ್ಬೇಡಿ, ಮೊದ್ಲು ಮಗೂನ ಕೇಳಿ, ನನ್ ಮಗ ನಾಟಕದಲ್ಲಿ ಪಾರ್ಟು ಬೇಕೇ ಬೇಕು ಅಂದ. ಟೀಚರ್ರೇ ಅಣಕಿಸ್ತಿದ್ರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಪತ್ರದಲ್ಲಿ ಅದನ್ನ ಬರೀರಿ. ಯಾರೂ ಕೇಳ್ದೇ ಇದ್ರೆ ಮಕ್ಕಳ ಸಹಾಯವಾಣಿ 1098 ಇದೆ.

ಸ್ಪೀಚ್ ಥೆರಪಿಗೆ ಬಾಂದ್ರಾ ರೆಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ನಮ್ ಕಡೆಯವ್ರು ದಾದರಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡೀಬೇಕು. ಮುಂಬೈ ಸೆಂಟ್ರಲ್ ಹತ್ರ ನಾಯರ್ ಆಸ್ಪತ್ರೆ ಇದೆ, ರಜೇಲಿ ಊರಿಗೆ ಹೋಗೋರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಮಗು ಮನೇಲಿ ಕನ್ನಡದಲ್ಲಿ ಮಾತಾಡೋದು, ಕೆಳಗೆ ಆಡುವಾಗ ಹಿಂದೀಲೋ ಮರಾಠೀಲೋ ಮಾತಾಡೋದು, ಎರಡನ್ನೂ ಮೊಬೈಲಲ್ಲಿ ಐದೈದು ನಿಮಿಷ ರೆಕಾರ್ಡ್ ಮಾಡ್ಕೊಂಡು ಹೋಗಿ, ಹೊಸಬರ ಮುಂದೆ ಕೂತಾಗ ಮಗು ಬಾಯೇ ಬಿಡ್ದೆ ಇರ್ಬಹುದು.