ಮಂಗಳೂರಿನ ಕ್ರಿಸ್ಮಸ್ ವಾರ: ಒಂದು ಗಂಟೆ ಮೊದಲೇ ಹೋಗಿ

ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ಹಿಂದಿನ ರಾತ್ರಿ ಕ್ಯಾರಲ್ ಎಂಬ ಕ್ರಿಸ್ಮಸ್ ಹಾಡು ಕೇಳಲು ಒಂದು ಚರ್ಚಿಗೆ ಹೋಗಿದ್ದೆ. ಹೆಸರೇ ಮಧ್ಯರಾತ್ರಿಯ ಪೂಜೆ ಅಲ್ವಾ, ಊಟ ಮುಗಿಸಿ ಹತ್ತೂವರೆಗೆ ಹೊರಟರೆ ಸಾಕು ಅಂದುಕೊಂಡೆ. ಹೋಗಿ ನೋಡಿದರೆ ಇಬ್ಬರು ಹುಡುಗರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಕ್ಯಾರಲ್ ಮುಗಿದಿತ್ತು, ಪೂಜೆ ಮುಗಿದಿತ್ತು, ಕೇಕೂ ಮುಗಿದಿತ್ತು. "ಏಳಕ್ಕೇ ಶುರುವಾಯ್ತಲ್ಲ ಸರ್" ಎಂದ ಒಬ್ಬ.

ಅಂದಿನಿಂದ ಎಲ್ಲಿಗೆ ಹೋಗುವುದಿದ್ದರೂ ಒಂದು ಗಂಟೆ ಮೊದಲೇ ಹೋಗುತ್ತೇನೆ. ಹೋಗುತ್ತಾ ಹೋಗುತ್ತಾ ಗೊತ್ತಾಯಿತು, ಡಿಸೆಂಬರ್‌ನಲ್ಲಿ ಈ ಊರಿನ ಒಳ್ಳೊಳ್ಳೆ ಸಂಗತಿಗಳು ಕರಪತ್ರದಲ್ಲಿ ಹಾಕಿದ ಸಮಯಕ್ಕಿಂತ ಮೊದಲೇ ನಡೆಯುತ್ತವೆ. ರಜೆಗೆ ಊರಿಗೆ ಬಂದವರಿಗೂ, ಇಲ್ಲೇ ಇದ್ದು ಏನೂ ನೋಡದವರಿಗೂ ನನ್ನ ದಾರಿ ಹೇಳುತ್ತೇನೆ.

ಮೊದಲು ಸುದ್ದಿ ಹಿಡಿಯಿರಿ

ಎಲ್ಲ ಕಾರ್ಯಕ್ರಮಗಳೂ ಒಂದೇ ಕಡೆ ಸಿಗುವ ಆ್ಯಪ್ ನನಗಂತೂ ಸಿಕ್ಕಿಲ್ಲ. ಚರ್ಚಿನ ನೋಟಿಸ್ ಬೋರ್ಡ್ ನೋಡಿ. ಯಕ್ಷಗಾನಕ್ಕೆ ಪತ್ರಿಕೆಯ ಸ್ಥಳೀಯ ಪುಟ ಸಾಕು, ಅಂದಂದಿನ ಮೇಳ (ತಂಡ), ಊರು, ಪ್ರಸಂಗ (ಕಥೆ) ಅಲ್ಲಿರುತ್ತದೆ. ಎಲ್ಲಕ್ಕಿಂತ ಸುಲಭ, ಪಕ್ಕದ ಮನೆಯ ಕ್ರೈಸ್ತ ಅಮ್ಮನನ್ನು ಕೇಳುವುದು. ಯಾವ ಚರ್ಚಿನಲ್ಲಿ ಯಾರು ಹಾಡುತ್ತಾರೆ ಎಂಬುದರ ಜೊತೆ ಒಂದು ತಟ್ಟೆ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಕೂಡ ಸಿಗಬಹುದು.

ಕ್ಯಾರಲ್: ಮೊದಲು ಅಂಗಳದಲ್ಲಿ, ಆಮೇಲೆ ಚರ್ಚಿನಲ್ಲಿ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವೇ ಆಗಮನ ಕಾಲ. ಹಾಡಿನ ತಾಲೀಮು ಜೋರಾಗುವುದು ಆಗಲೇ. ಯಾರದೋ ಮನೆಯ ಸಿಟೌಟಿನಲ್ಲಿ ಒಂದು ಕೀಬೋರ್ಡ್, ಒಂದು ಗಿಟಾರ್, ಹತ್ತು ಹನ್ನೆರಡು ಜನ. ಮೇಲಿನ ದನಿಯ ಸೊಪ್ರಾನೊದವರಿಗೆ ರಾಗ ಬೇಗ ಬಂದುಬಿಡುತ್ತದೆ. ಕಷ್ಟವೆಲ್ಲ ಅದರ ಕೆಳಗಿನ ದನಿಗಳಾದ ಆಲ್ಟೊ, ಟೆನರ್, ಬೇಸ್‌ನವರಿಗೆ. ಪಕ್ಕದವರ ಸ್ವರಕ್ಕೆ ಜಾರದೆ ತಮ್ಮ ಸಾಲು ಹಿಡಿದುಕೊಳ್ಳಬೇಕು. ಒಂದೇ ಸಾಲನ್ನು ಆರು ಸಲ ಹಾಡಿ, ಏಳನೇ ಸಲ ನಾಲ್ಕೂ ದನಿ ಕೂಡಿದಾಗ ಎಲ್ಲರೂ ತಾವೇ ಬೆರಗಾಗಿ ನಗುತ್ತಾರೆ. ವೇದಿಕೆಯಲ್ಲಿ ಇದು ಕಾಣುವುದಿಲ್ಲ. ಪರಿಚಯದವರಿದ್ದರೆ "ಒಂದು ದಿನ ಸುಮ್ನೆ ಕೂತು ಕೇಳಬಹುದಾ?" ಎಂದು ಕೇಳಿ ನೋಡಿ.

24ರ ಸಂಜೆ ಈಗ ಹಲವು ಚರ್ಚುಗಳಲ್ಲಿ ಪೂಜೆ ಏಳರ ಸುಮಾರಿಗೇ ಶುರು, ಕ್ಯಾರಲ್ ಅದಕ್ಕೂ ಮೊದಲು. ಸಮಯ ಚರ್ಚಿನಿಂದ ಚರ್ಚಿಗೆ ಬೇರೆ, ಹಿಂದಿನ ದಿನವೇ ವಿಚಾರಿಸಿ. ಹಳೆಯ ಚರ್ಚು ಬೇಕೆಂದರೆ 1568ರಲ್ಲಿ ಶುರುವಾದ ರೊಸಾರಿಯೊ ಇದೆ, 1680ರ ಮಿಲಾಗ್ರಿಸ್ ಹಂಪನಕಟ್ಟೆಯಲ್ಲೇ ಇದೆ. ಬೇರೆ ಧರ್ಮದವರು ಬಂದರೆ ಯಾರೂ ಬೇಡ ಅನ್ನುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂರಿ, ಎಲ್ಲರೂ ಎದ್ದಾಗ ಏಳಿ. ಪೂಜೆಯಲ್ಲಿ ರೊಟ್ಟಿ ಕೊಡುವ ಪರಮಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ, ಅದು ಕಥೋಲಿಕರಿಗೆ ಮಾತ್ರ.

ಕನ್ನಡ ಓದುವವರಿಗೆ ಇಲ್ಲೊಂದು ಅನುಕೂಲವಿದೆ. ಮಂಗಳೂರಿನ ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಶುರುವಾದ ರಾಕ್ಣೊ ವಾರಪತ್ರಿಕೆ ಕೂಡ ಇದೇ ಲಿಪಿಯದು. ಪಕ್ಕದವರ ಹಾಡಿನ ಪುಸ್ತಕ ಇಣುಕಿದರೆ ಅರ್ಥ ಅರ್ಧಂಬರ್ಧ ಆದರೂ ದನಿಗೂಡಿಸಬಹುದು. ಮುಗಿದ ಮೇಲೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ನೋಡದೆ ಬರಬೇಡಿ. ಹುಲ್ಲು, ಮಣ್ಣು, ಬಿದಿರು ತಂದು ಕಟ್ಟಿದ ಹುಡುಗರು ಅಲ್ಲೇ ನಿಂತಿರುತ್ತಾರೆ, ಯಾರಾದರೂ ಕೇಳಲಿ ಎಂದು ಕಾಯುತ್ತಾ.

ಬೆಳಿಗ್ಗೆ ಬಿಡುವಿದ್ದರೆ

ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಇದರ ಗೋಡೆ, ಚಾವಣಿಗಳ ಚಿತ್ರ ಬರೆಯಲು ಶುರುಮಾಡಿದ್ದು 1899ರಲ್ಲಿ. ಇವುಗಳಲ್ಲಿ ಬಹುಪಾಲು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲಿನ ಚಿತ್ರ. ಗಾರೆ ಒಣಗುವ ಮೊದಲೇ ಬಣ್ಣ ಹಾಕಿ ಮುಗಿಸಬೇಕು. ನಮ್ಮ ಸೆಖೆಗೆ, ನಮ್ಮ ಮಳೆಗಾಲಕ್ಕೆ ಆತ ಏನು ಅಂದುಕೊಂಡನೋ! ಕತ್ತೆತ್ತಿ ನೋಡಿ ಕುತ್ತಿಗೆ ನೋವು ಬರುತ್ತದೆ, ಬೆಂಚಿಗೆ ಒರಗಿ ನಿಧಾನವಾಗಿ ನೋಡಿ. ಫೋನ್ ಜೇಬಿನಲ್ಲೇ ಇರಲಿ.

ಗುಮಟ್ ಕೇಳಬೇಕೆಂದರೆ

ಶಕ್ತಿನಗರದ ಕಲಾಂಗಣ್‌ನಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ತಿಂಗಳ ಮೊದಲ ಭಾನುವಾರ ಕೊಂಕಣಿ ನಾಟಕ, ಹಾಡು, ಕುಣಿತದ ‘ಮ್ಹಯ್ನ್ಯಾಳಿ ಮಾಂಚಿ’ ನಡೆಸುತ್ತದೆ. 2008ರ ಜನವರಿಯಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದವರು ಇವರೇ. ಅಲ್ಲಿ ಗುಮಟ್ ಬಂದರೆ ಬಾರಿಸುವವರ ಕೈ ನೋಡಿ. ಅದು ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಖಾಲಿ. ಬಲಗೈ ಹೊಡೆಯುತ್ತಿದ್ದರೆ ಎಡಗೈ ಖಾಲಿ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ಬಗ್ಗಿಸುತ್ತದೆ. ಮೊದಲೆಲ್ಲ ಉಡದ ಚರ್ಮ ಕಟ್ಟುತ್ತಿದ್ದರು. ಈಗ ಅದಕ್ಕೆ ಕಾನೂನಿನ ತಡೆ ಇರುವುದರಿಂದ ಆಡಿನ ಚರ್ಮ.

ರಾತ್ರಿ ಉಳಿದಿದೆಯಲ್ಲ, ಆಟಕ್ಕೆ ಹೋಗಿ

ಆಟ ಎಂದರೆ ಯಕ್ಷಗಾನ. ಇದು ಕ್ರಿಸ್ಮಸ್‌ಗೆ ಸಂಬಂಧಿಸಿದ್ದಲ್ಲ ನಿಜ. ಆದರೆ ಮೇಳಗಳ ತಿರುಗಾಟ ಭರದಿಂದ ನಡೆಯುವುದು ಇದೇ ತಿಂಗಳಲ್ಲಿ. ನವೆಂಬರ್ ಹೊತ್ತಿಗೆ ಹೊರಟ ಮೇಳಗಳು ಮೇ ಕೊನೆಯ ಪತ್ತನಾಜೆಯವರೆಗೆ (ತುಳುನಾಡಿನಲ್ಲಿ ತಿರುಗಾಟ ಮುಗಿಯುವ ದಿನ) ಊರೂರು ಸುತ್ತುತ್ತವೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಖರ್ಚೆಲ್ಲ ಹರಕೆ ಹೊತ್ತವರದು. ಯಾರು ಬೇಕಾದರೂ ಹೋಗಿ ಕೂರಬಹುದು, ಎಷ್ಟೋ ಕಡೆ ಊಟವೂ ಇರುತ್ತದೆ. ಕಾಲಮಿತಿ ಆಟವೋ ಬೆಳಗಿನವರೆಗೋ ಎಂದು ಮೊದಲೇ ಕೇಳಿಕೊಳ್ಳಿ. ಮನೆಗೆ ಮರಳುವ ಬಸ್ಸು ಅದರ ಮೇಲೆ ನಿಂತಿದೆ.

ಆಟ ಶುರುವಾಗುವ ಮುನ್ನ ಚೆಂಡೆ, ಮದ್ದಳೆಯಲ್ಲಿ ‘ಕೇಳಿ’ ಬಾರಿಸುವ ಹೊತ್ತಿಗೇ ಅಲ್ಲಿರಿ. ಚಪ್ಪಲಿ ಬಿಟ್ಟು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ. ಒಂದು ತುದಿಯಲ್ಲಿ ದೇವರು, ದೀಪ. ಎರಡೂ ಬದಿ ಸಾಲಾಗಿ ಕೂತ ಕಲಾವಿದರು, ಯಾವ ವೇಷಕ್ಕೆ ಯಾವ ಜಾಗ ಎಂಬುದೂ ನಿಗದಿ. ಅಂಗೈಯಗಲದ ಕನ್ನಡಿ ಮುಂದಿಟ್ಟುಕೊಂಡು ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ. ರಾಕ್ಷಸರಂಥ ಬಣ್ಣದ ವೇಷದವರು ಅಕ್ಕಿ ಹಿಟ್ಟು, ಸುಣ್ಣ ಕಲಸಿ ಕಡ್ಡಿಯ ತುದಿಯಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ (ಉಬ್ಬಿದ ಬಿಳಿ ಚುಕ್ಕೆ) ಇಡುತ್ತಾರೆ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ಈ ಹೊತ್ತಲ್ಲಿ ಮಾತಾಡಿಸಬೇಡಿ. ಫೋಟೊ ಬೇಕಿದ್ದರೆ ಮೊದಲು ಕೇಳಿ, ಫ್ಲ್ಯಾಶ್ ಬೇಡ.

ಒಂದು ಚಾಪೆ, ತಲೆಗೆ ಒಂದು ಶಾಲು ತನ್ನಿ, ನಡುರಾತ್ರಿ ಮೇಲೆ ಬಯಲಲ್ಲಿ ಮಂಜು ಬೀಳುತ್ತದೆ. ಮಕ್ಕಳಿದ್ದರೆ ಸ್ಪೀಕರ್‌ನಿಂದ ದೂರ ಕೂರಿ, ಚೆಂಡೆಗೆ ಕರುಣೆ ಇಲ್ಲ. ನಿದ್ದೆ ಬಂದರೆ ನಾಚಿಕೆ ಬೇಡ, ಚಾಪೆ ತಂದದ್ದೇ ಅದಕ್ಕೆ. ಪ್ರಸಂಗ ದೇವಿ ಮಹಾತ್ಮೆಯಾದರೆ ಮಾತ್ರ ಮಹಿಷಾಸುರನ ಹೊತ್ತಿಗೆ ಎಬ್ಬಿಸಿ ಎಂದು ಪಕ್ಕದವರಿಗೆ ಹೇಳಿ ಮಲಗಿ. ಅವನು ಬರುವುದು ಚೌಕಿಯ ಕಡೆಯಿಂದಲ್ಲ. ಜನರ ಬೆನ್ನ ಹಿಂದೆ, ಕತ್ತಲಲ್ಲಿ, ಎರಡೂ ಪಕ್ಕ ದೊಂದಿ ಉರಿಯುತ್ತಾ ಬರುತ್ತಾನೆ. ದಾರಿಯಲ್ಲಿ ಚಾಪೆ ಹಾಸಿದ್ದರೆ ಬೇಗ ಸುತ್ತಿಕೊಳ್ಳಿ.