ತಳ ಸಿಕ್ಕರೆ ಕಾಡ್ ಸಿಕ್ಕಂತೆ: ಸಣ್ಣ ದೋಣಿಯಿಂದ ರಬ್ಬರ್ ಮೀನಿನ ಗಾಳ

ಕಳೆದ ಜೂನ್‌ನಲ್ಲಿ ಬೆಂಗಳೂರಿನಿಂದ ಬಂದ ಇಬ್ಬರು ಗೆಳೆಯರನ್ನು ನಾರ್ವೆಯ ಲೋಫೋಟೆನ್ ದ್ವೀಪಗಳಿಗೆ ಕರೆದುಕೊಂಡು ಹೋಗಿದ್ದೆ. ಐದು ಮೀಟರ್ ಉದ್ದದ ಬಾಡಿಗೆ ದೋಣಿ. ಇಬ್ಬರ ಕೈಯಲ್ಲೂ ಒಂದೇ ಥರದ ರಾಡ್, ಅಂದರೆ ಗಾಳದ ಕೋಲು, ಕೊಕ್ಕೆಗೆ ಒಂದೇ ಬಣ್ಣದ ರಬ್ಬರ್ ಮೀನು. ಮಧ್ಯಾಹ್ನದ ಹೊತ್ತಿಗೆ ಒಬ್ಬನಿಗೆ ಐದು ಕಾಡ್ (cod) ಮೀನು ಸಿಕ್ಕಿದ್ದವು, ಇನ್ನೊಬ್ಬನಿಗೆ ಒಂದೂ ಇಲ್ಲ. ಮೊದಲನೆಯವನ ಗಾಳ ತಳದ ಹತ್ತಿರ ಇತ್ತು. ಎರಡನೆಯವನಿಗೆ ತನ್ನ ಗಾಳ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ.

ನಾನು ಗಂಗೊಳ್ಳಿ ಅಳಿವೆಯಲ್ಲಿ ಅಪ್ಪಯ್ಯನ ಜೊತೆ ಗಾಳ ಹಾಕುತ್ತಾ ಬೆಳೆದವನು, ಈಗ ಏಳು ವರ್ಷದಿಂದ ನಾರ್ವೆಯಲ್ಲಿದ್ದೇನೆ. ಇಲ್ಲಿಗೆ ಬರುವ ನಮ್ಮವರೆಲ್ಲ ಕೇಳುವುದು ಯಾವ ಬಣ್ಣ, ಯಾವ ಕಂಪನಿ ಅಂತ. ಅದು ಆಮೇಲಿನ ಮಾತು. ಮೊದಲು ತಳ ಮುಟ್ಟುವುದನ್ನು ಕಲಿಯಬೇಕು.

ಇನ್ನೊಂದು ಮಾತು. ನಮ್ಮ ಕಡೆ ರೀಫ್ ಕಾಡ್ ಅಂತ ಮಾರುವ ಮುರು ಮೀನು ಬೇರೆ, ಇದು ಬೇರೆ. ಅಟ್ಲಾಂಟಿಕ್ ಕಾಡ್ ತಣ್ಣೀರಿನ ಮೀನು. ಬೆನ್ನ ಮೇಲೆ ಮೂರು ರೆಕ್ಕೆ, ಗಲ್ಲದ ಕೆಳಗೆ ಒಂದೇ ಒಂದು ಮೀಸೆ. ಹೆಚ್ಚಿನ ಹೊತ್ತು ತಳದ ಹತ್ತಿರವೇ ಏಡಿ, ಸಣ್ಣ ಮೀನು ತಿನ್ನುತ್ತಾ ಓಡಾಡುತ್ತದೆ.

ಏನೇನು ಬೇಕು

ಏಳೆಂಟು ಅಡಿಯ, 100 ಗ್ರಾಂ ತೂಕ ಆರಾಮಾಗಿ ಎಸೆಯಬಲ್ಲ ಸ್ಪಿನ್ನಿಂಗ್ ರಾಡ್, ದಾರ ಸುತ್ತಲು 4000 ಅಥವಾ 5000 ಸೈಜಿನ ರೀಲ್. ದಾರ ಮಾತ್ರ ಹೆಣೆದದ್ದೇ ಆಗಬೇಕು, ಅಂದರೆ ಬ್ರೇಡ್, 0.17ರಿಂದ 0.20 ಮಿ.ಮೀ. ನಮ್ಮೂರಿನ ತಂಗೂಸಿ, ಅಂದರೆ ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ, ಹಾಗಾಗಿ ಐವತ್ತು ಮೀಟರ್ ಕೆಳಗೆ ನಡೆಯುವುದು ಬೆರಳಿಗೆ ಸರಿಯಾಗಿ ಬರುವುದೇ ಇಲ್ಲ. ಬ್ರೇಡ್ ಹಿಗ್ಗುವುದಿಲ್ಲ, ಆದರೆ ಕಲ್ಲಿಗೆ ಉಜ್ಜಿದರೆ ಸುಲಭವಾಗಿ ಹರಿಯುತ್ತದೆ. ಅದಕ್ಕೇ ಅದರ ತುದಿಗೆ 0.60 ಮಿ.ಮೀ. ದಪ್ಪದ ತಂಗೂಸಿ ಎರಡು ಮೀಟರ್ ಕಟ್ಟಿಕೊಳ್ಳಿ.

ರಬ್ಬರ್ ಮೀನು ಸುಮಾರು 15 ಸೆಂ.ಮೀ. ಇರಲಿ, ಬಾಲದ ತುದಿ ಗೊರಸಿನ ಹಾಗೆ ಅಗಲವಾಗಿರುವಂಥದ್ದು. ಅದನ್ನು ಸೀಸದ ತಲೆಯ ಕೊಕ್ಕೆಗೆ, ಅಂದರೆ ಜಿಗ್ ಹೆಡ್‌ಗೆ ಪೋಣಿಸಬೇಕು. ಇಲ್ಲಿ ಅವಸರ ಬೇಡ. ಕೊಕ್ಕೆಯನ್ನು ಮೊದಲು ಮೀನಿನ ಪಕ್ಕದಲ್ಲಿಟ್ಟು ಎಲ್ಲಿ ಹೊರಗೆ ಬರುತ್ತದೆ ಅಂತ ಉಗುರಿನಲ್ಲಿ ಗುರುತು ಮಾಡಿಕೊಳ್ಳಿ. ಆಮೇಲೆ ಮೂಗಿನಿಂದ ಚುಚ್ಚಿ, ಬೆನ್ನಿನ ಸರಿ ನಡುವೆ ಆ ಗುರುತಿನಲ್ಲೇ ಹೊರಗೆ ತೆಗೆಯಿರಿ. ಒಂದು ಕೂದಲೆಳೆಯಷ್ಟು ಸೊಟ್ಟ ಆದರೂ ಅದು ನೀರಿನಲ್ಲಿ ಗಿರಗಿರ ತಿರುಗುತ್ತದೆ, ದಾರ ಹುರಿಗೊಳ್ಳುತ್ತದೆ. ದೋಣಿಯ ಪಕ್ಕದಲ್ಲೇ ಒಂದು ಸಲ ಎಳೆದು ನೋಡಿ ಕೆಳಗೆ ಬಿಡಿ.

ತೂಕಕ್ಕೆ ನನ್ನ ಲೆಕ್ಕ: 30 ಮೀಟರ್ ನೀರಿಗೆ 80ರಿಂದ 100 ಗ್ರಾಂ, 60 ಮೀಟರ್‌ಗೆ 150ರ ಮೇಲೆ. ಗಾಳಿ, ಸೆಳೆತ ಜಾಸ್ತಿ ಇದ್ದರೆ ಇನ್ನೂ ಭಾರ. ತಳ ಮುಟ್ಟಿದ್ದು ಗೊತ್ತಾಗುವಷ್ಟು ಭಾರ ಇರಬೇಕು, ಅದಕ್ಕಿಂತ ಜಾಸ್ತಿ ಬೇಡ.

ಹೊರಡುವ ಮೊದಲು

ನಾರ್ವೆಯ ಹವಾಮಾನದ ಆ್ಯಪ್ Yrನಲ್ಲಿ ಗಾಳಿ ನೋಡಿ. ಸೆಕೆಂಡಿಗೆ ಆರು ಮೀಟರ್ ದಾಟುತ್ತದೆ ಅಂದರೆ ನಾನು ಸಣ್ಣ ದೋಣಿ ಇಳಿಸುವುದಿಲ್ಲ. ಎಂಟು ಮೀಟರ್‌ಗಿಂತ ಚಿಕ್ಕ ದೋಣಿ ಓಡುತ್ತಿರುವಾಗ ಲೈಫ್ ಜಾಕೆಟ್ ಹಾಕಿರಲೇಬೇಕು, ಇಲ್ಲಿ ಅದು ಕಾನೂನು. ಕಾನೂನು ಇಲ್ಲದಿದ್ದರೂ ಹಾಕಿ, ಬೇಸಿಗೆಯಲ್ಲೂ ಈ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಸಮುದ್ರದಲ್ಲಿ ತೊಂದರೆಯಾದರೆ ಫೋನ್ 120, ರೇಡಿಯೋ ಇದ್ದರೆ ಚಾನೆಲ್ 16.

ಜಾಗ, ತೇಲುವ ದಾರಿ

ಸಮುದ್ರದ ಆಳ ತೋರಿಸುವ ನಕ್ಷೆಯಲ್ಲಿ 20 ಮೀಟರ್‌ನಿಂದ 60ಕ್ಕೆ ಇಳಿಯುವ ಇಳಿಜಾರು, ಅಥವಾ ನೀರೊಳಗಿನ ದಿಬ್ಬ ಹುಡುಕಿ. ಎಂಜಿನ್ ನಿಲ್ಲಿಸಿ ಒಂದೆರಡು ನಿಮಿಷ ಸುಮ್ನೆ ಕೂತರೆ ದೋಣಿ ಯಾವ ಕಡೆ ಹೋಗುತ್ತದೆ ಅಂತ ತಿಳಿಯುತ್ತದೆ. ಆಮೇಲೆ ದಿಬ್ಬದ ನೆತ್ತಿಯಿಂದ ಆಳದ ಕಡೆಗೆ ತೇಲುವ ಹಾಗೆ ಶುರು ಮಾಡಿ. ಆಳದಿಂದ ಮೇಲಕ್ಕೆ ತೇಲಿದರೆ ಇಳಿಜಾರು ಎದುರಿಗೆ ಬರುತ್ತದೆ, ಕೊಕ್ಕೆ ಕಲ್ಲಿಗೆ ಸಿಕ್ಕಿಕೊಳ್ಳುವುದು ಜಾಸ್ತಿ. ಮೊದಲ ವರ್ಷ ನಾನು ಒಂದೇ ಬೆಳಿಗ್ಗೆ ನಾಲ್ಕು ಜಿಗ್ ಹೆಡ್ ಕಳೆದುಕೊಂಡದ್ದು ಹೀಗೆಯೇ.

ದೋಣಿಯ ವೇಗ ಒಂದು ನಾಟ್ (ಗಂಟೆಗೆ ಸುಮಾರು 1.85 ಕಿ.ಮೀ.) ದಾಟಿದರೆ ಡ್ರಿಫ್ಟ್ ಆಂಕರ್ ಬಿಡಿ. ಅದು ಬಟ್ಟೆಯ ಕೊಡೆಯ ಥರ ನೀರು ತುಂಬಿಕೊಂಡು ದೋಣಿಯನ್ನು ತಡೆಯುತ್ತದೆ. ಅದನ್ನು ಮೂತಿಗೆ ಕಟ್ಟಬೇಕು, ಹಿಂಬದಿಗೆ ಯಾವತ್ತೂ ಬೇಡ. ಹಿಂದೆ ಎಂಜಿನ್ ಇರುವ ಕಡೆ ದೋಣಿಯ ಅಂಚು ತಗ್ಗು, ಅಲೆ ಸೀದಾ ಒಳಗೆ ಬರುತ್ತದೆ.

ತಳ ಮುಟ್ಟುವುದು

ದೋಣಿ ತೇಲುತ್ತಿರುವ ದಿಕ್ಕಿಗೇ, ಮುಂದಕ್ಕೆ ಎಸೆಯಿರಿ. ಗಾಳ ಮುಳುಗುವಷ್ಟರಲ್ಲಿ ದೋಣಿ ಅದರ ಮೇಲೆ ಬರುತ್ತದೆ, ದಾರ ನೆಟ್ಟಗೆ ನಿಲ್ಲುತ್ತದೆ. ಎದುರು ದಿಕ್ಕಿಗೆ ಎಸೆದರೆ ದಾರ ದೂರ ದೂರ ಹೋಗಿ ಗಾಳ ಮೇಲೇಳುತ್ತದೆ. ಒಂದೂ ಮೀನು ಸಿಗದ ಆ ಗೆಳೆಯನಿಗೆ ಆದದ್ದು ಇದೇ.

ದಾರ ಹೋಗುತ್ತಿರುವಾಗ ತೋರುಬೆರಳನ್ನು ಅದಕ್ಕೆ ತಾಗಿಸಿಡಿ. ಸರಸರ ಹೋಗುತ್ತಿದ್ದ ದಾರ ಒಮ್ಮೆಲೇ ಸಡಿಲ ಆಗುತ್ತದೆ, ಬೆರಳಿಗೆ ಸಣ್ಣಗೆ ‘ಟಕ್’ ಅನ್ನುತ್ತದೆ. ಅದೇ ತಳ. ತಕ್ಷಣ ಎರಡು ಸುತ್ತು ಸುತ್ತಿ. ಈಗ ಗಾಳ ತಳದಿಂದ ಒಂದೂವರೆ ಮೀಟರ್ ಮೇಲಿದೆ. ರಾಡನ್ನು ನಿಧಾನವಾಗಿ ಒಂದು ಮೊಳ ಎತ್ತಿ, ಇನ್ನೂ ನಿಧಾನವಾಗಿ ಇಳಿಸಿ. ಇಳಿಸುವಾಗ ದಾರ ಜೋತು ಬೀಳಬಾರದು, ಯಾಕೆಂದರೆ ಕಾಡ್ ಹೆಚ್ಚಾಗಿ ಕಚ್ಚುವುದೇ ಗಾಳ ಇಳಿಯುವಾಗ. ಅರ್ಧ ನಿಮಿಷಕ್ಕೊಮ್ಮೆ ಮತ್ತೆ ತಳ ಮುಟ್ಟಿಸಿ ನೋಡಿ. ಆಳ ಬದಲಾಗುತ್ತಲೇ ಇರುತ್ತದೆ ಅಲ್ವಾ? ದಾರ ತೀರಾ ಓರೆಯಾಯಿತು ಅಂದರೆ ಪೂರ್ತಿ ಸುತ್ತಿಕೊಂಡು ಮತ್ತೆ ಮುಂದಕ್ಕೆ ಎಸೆಯಿರಿ.

ಇದಕ್ಕೆ ಒಂದೇ ಒಂದು ಅಪವಾದ, ಜನವರಿಯಿಂದ ಏಪ್ರಿಲ್. ಆಗ ಬ್ಯಾರೆಂಟ್ಸ್ ಸಮುದ್ರದಿಂದ ‘ಸ್ಕ್ರೇ’ ಅನ್ನುವ ದೊಡ್ಡ ಕಾಡ್‌ಗಳು ಮೊಟ್ಟೆ ಇಡಲು ಲೋಫೋಟೆನ್‌ಗೆ ಬರುತ್ತವೆ. ಅವು 4ರಿಂದ 6 ಡಿಗ್ರಿ ಇರುವ ನೀರಿನ ಪದರದಲ್ಲಿ, ಎಷ್ಟೋ ಸಲ ತಳ ಬಿಟ್ಟು ನಡುನೀರಿನಲ್ಲಿ ಇರುತ್ತವೆ. ಫಿಶ್ ಫೈಂಡರ್ ಯಾವ ಆಳ ತೋರಿಸುತ್ತದೋ ಅಲ್ಲೇ ಗಾಳ ನಿಲ್ಲಿಸಿ.

ಕಚ್ಚಿದಾಗ

‘ದಬ್’ ಅಂತ ಒಂದು ಏಟು, ಆಮೇಲೆ ಭಾರ. ರಾಡ್ ಎತ್ತಿ ಬಿಗಿ ಹಿಡಿಯಿರಿ. ಕಾಡ್ ಓಡುವ ಮೀನಲ್ಲ, ತಲೆ ಕೊಡವುತ್ತದೆ. ರಾಡಿನ ತುದಿ ದಬ್ ದಬ್ ಅಂತ ಬಗ್ಗುತ್ತದೆ. ಅವಸರದಲ್ಲಿ ಎಳೆಯಬೇಡಿ. ಈ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಮುಚ್ಚಿದ್ದು, ಆಳದಿಂದ ಬೇಗ ಮೇಲೆ ತಂದರೆ ಗಾಳಿ ಹಿಗ್ಗಿ ಜಠರ ಬಾಯಿಗೆ ಬರುತ್ತದೆ. ಆಮೇಲೆ ಬಿಟ್ಟರೂ ಅದು ಕೆಳಗೆ ಹೋಗಲಾರದೆ ತೇಲುತ್ತದೆ. ನೋಡಲು ಸಂಕಟ. ಆಳದಲ್ಲಿ ಬರೀ ಮರಿಗಳೇ ಕಚ್ಚುತ್ತಿದ್ದರೆ ದಯವಿಟ್ಟು ಜಾಗ ಬದಲಿಸಿ. 62 ಡಿಗ್ರಿ ಅಕ್ಷಾಂಶದ ಉತ್ತರಕ್ಕೆ 44 ಸೆಂ.ಮೀ., ದಕ್ಷಿಣಕ್ಕೆ 40 ಸೆಂ.ಮೀ.ಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಓಸ್ಲೋ ಫ್ಯೋರ್ಡ್‌ನಲ್ಲಂತೂ ಮೀನು ಅಷ್ಟು ಕಮ್ಮಿಯಾಗಿ, 2019ರಿಂದ ಕಾಡ್ ಹಿಡಿಯುವುದೇ ನಿಷೇಧ. ಮೀನನ್ನು ದೇಶದ ಹೊರಗೆ ಒಯ್ಯುವ ನಿಯಮ ಆಗಾಗ ಬದಲಾಗುತ್ತದೆ, ದೋಣಿ ಕೊಟ್ಟವರ ಹತ್ತಿರ ಕೇಳಿಕೊಳ್ಳಿ.

ಗಾಳ ಕಲ್ಲಿಗೆ ಸಿಕ್ಕಿಕೊಂಡರೆ ಬ್ರೇಡ್ ದಾರವನ್ನು ಕೈಗೆ ಸುತ್ತಿ ಎಳೆಯಲೇಬಾರದು, ಬ್ಲೇಡಿನ ಹಾಗೆ ಕೊಯ್ಯುತ್ತದೆ. ಒಂದು ಮರದ ತುಂಡಿಗೆ ಸುತ್ತಿ ಎಳೆಯಿರಿ.

ಹಿಡಿದ ಮೇಲೆ

ಇಟ್ಟುಕೊಳ್ಳುವ ಮೀನಿನ ತಲೆಗೆ ಒಂದೇಟು ಹಾಕಿ, ಕೂಡಲೇ ಕಿವಿರಿನ ಹತ್ತಿರ ಕೊಯ್ದು, ಹದಿನೈದು ನಿಮಿಷ ಸಮುದ್ರದ ನೀರಿನ ಬಕೆಟ್‌ನಲ್ಲಿಡಿ. ರಕ್ತ ಹೋದರೆ ಮಾಂಸ ಬೆಳ್ಳಗೆ ಉಳಿಯುತ್ತದೆ. ಹೊಟ್ಟೆ ಬಿಚ್ಚಿದಾಗ ಒಳಗೆ ಏನಿದೆ ನೋಡಿ. ಏಡಿ ಇದ್ದರೆ ಕೆಂಪು–ಕಂದು ರಬ್ಬರ್, ಸಣ್ಣ ಮೀನಿದ್ದರೆ ಬೆಳ್ಳಿ ಬಣ್ಣದ್ದು. ಬಣ್ಣದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಕಾಡ್ ಮಾಂಸದಲ್ಲಿ ಸಣ್ಣ ಹುಳ ಇರುವುದುಂಟು, ಆರಿಸಿ ತೆಗೆಯಿರಿ, ಪೂರ್ತಿ ಬೇಯಿಸಿಯೇ ತಿನ್ನಿ.

ರವಾ ಫ್ರೈ ಮಾಡುವುದಾದರೆ ಅಂಜಲ್ ಥರ ಗಟ್ಟಿ ಅಂತ ತಿಳಿಯಬೇಡಿ, ಇದು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಚರ್ಮ ತೆಗೆಯದೆ ತುಂಡು ಮಾಡಿ, ಅರ್ಧ ಗಂಟೆ ಉಪ್ಪು ಸವರಿಟ್ಟು, ಬಿಟ್ಟ ನೀರನ್ನು ಒರೆಸಿ ಆಮೇಲೆ ಮಸಾಲೆ ಹಚ್ಚಿ. ಕಾವಲಿಯಲ್ಲಿ ಚರ್ಮದ ಬದಿ ಕೆಳಗೆ ಇಟ್ಟು, ಒಂದೇ ಸಲ ಮಗುಚಿ.